ಜೋಡಿ ಹುಂಜದ ಕಾಂಗಾ

ಪಡ್ಡಿನ ಹಂಚಿನಲ್ಲಿ ಏಳು ಗುಳಿ. ನಾಲ್ಕಕ್ಕೆ ಹಿಟ್ಟು ಬಿದ್ದಿತ್ತು, ಐದನೆಯದಕ್ಕೆಂದು ಆಯ್ಕಾ ಸೌಟು ಎತ್ತಿದ್ದಳು. ಅಷ್ಟರಲ್ಲಿ ಬಾಳೆಗಿಡಗಳ ಆಚೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಪೆಂಡಾಳ ಅಮ್ಮ ಸುದ್ದಿ ಇಲ್ಲದೆ ಕೆಮ್ಮುವ ಹೆಂಗಸಲ್ಲ.

ಒಲೆಯ ಪಕ್ಕದ ಮಣೆಯ ಮೇಲೆ ಮಗಳು ನಾಏಲಿ ಕೂತಿದ್ದಳು. ಅವಳಿಗೆ ಏಳು ವರ್ಷ. ಆರು ತಿಂಗಳ ಹಿಂದೆ ಓದು ಕೈಹತ್ತಿದ್ದೇ ಹತ್ತಿದ್ದು, ಸೋಪಿನ ಕಾಗದ, ಬಸ್ಸಿನ ಬೆನ್ನು, ಗೊಬ್ಬರದ ಚೀಲ, ಏನನ್ನೂ ಓದದೆ ಬಿಟ್ಟವಳಲ್ಲ. ಈಗ ಹಿಟ್ಟಿನ ಪಾತ್ರೆಗೆ ಮುಚ್ಚಿದ್ದ ಹಳೆಯ ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು, ಅಂಚಿನ ಮಾಸಿದ ಅಕ್ಷರಗಳ ಮೇಲೆ ಬೆರಳು ಓಡಿಸುತ್ತಿದ್ದಳು. ಬಟ್ಟೆಯ ನಡುವೆ ಒಂದು ಹುಂಜ. ಒಗೆದು ಒಗೆದು ಅದರ ಜುಟ್ಟು ಬಿಳಿಚಿತ್ತು, ಬಾಲದಲ್ಲಿ ಮೂರೇ ಗರಿ.

"ಅಮ್ಮ, ಇಲ್ಲಿ 'ಹಾಯಾಗಿ' ಅಂತ ಬರ್ದಿದೆ. ಹಾಯಾಗಿ ಏನು ಮಾಡೋದು?"

"ಆಮೇಲೆ ಕೇಳು ಕಂದ, ಹಂಚು ಸೀಯುತ್ತೆ."

ಪೆಂಡಾಳ ಅಮ್ಮ ಬಂದವಳೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಯಾರೂ ಕೊಡುವ ಮೊದಲೇ ಒಂದು ಪಡ್ಡು ತೆಗೆದುಕೊಂಡು, ತೆಂಗಿನಹಾಲು ಸ್ವಲ್ಪ ಕಮ್ಮಿಯಾಯಿತು ಎಂದಳು. ಆಮೇಲೆ ವಿಷಯಕ್ಕೆ ಬಂದಳು. ಆಯ್ಕಾ ಹತ್ತು ದಿನ ತವರಿಗೆ ಹೋಗಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಂಡು ಹಿಂದಿನ ದಿನವಷ್ಟೇ ಬಂದಿದ್ದಳು. ಅಷ್ಟರೊಳಗೆ ಊರಿನಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು. ಈ ದಿನ ಮಧ್ಯಾಹ್ನ ಊರಿನ ಕ್ರೈಸ್ತ ಸಭೆಯ ಸ್ತ್ರೀಯರ ಸಂಘ ಸೇರುತ್ತದೆ. ಹೊಸ ಸುವಾರ್ತಾಸೇವಕಿ ನಾಮಯಾನಿ ನಮಗೆ ಬೇಡ ಎಂದು ಮೇಲಿನವರಿಗೆ ಕಾಗದ ಬರೆಯಬೇಕು.

"ಅಕ್ಷರ ಚೆನ್ನಾಗಿರೋಳು ನೀನೇ ಅಲ್ವಾ, ಕಾರ್ಯದರ್ಶಿ ಬೇರೆ. ಪೆನ್ನು ತಗೊಂಡು ಬಾ ಅಂತ ಒಂಬೇನಿಯಮ್ಮ ಹೇಳಿ ಕಳಿಸಿದಾರೆ," ಎಂದಳು.

ಒಂಬೇನಿಯ ಅಮ್ಮ ಸಂಘದ ಅಧ್ಯಕ್ಷೆ. ನಾಮಯಾನಿ ಬಂದು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳು ಅವಳಿಗೆ ಪರೀಕ್ಷೆಯ ಕಾಲ. ಇದೇ ತಿಂಗಳ ಕೊನೆಗೆ ಹೆಂಗಸರ ಸಂಘ ಒಪ್ಪಿ ಬರೆದುಕೊಟ್ಟರೆ ಕೆಲಸ ಕಾಯಂ. ದೂರು ಬರೆದರೆ ಗಂಟುಮೂಟೆ ಕಟ್ಟಬೇಕು. ಹಾಗೆ ದೂರು ಹೊತ್ತು ಹೋದವಳನ್ನು ಮತ್ತೆ ಯಾವ ಸಭೆಯೂ ಕರೆಯುವುದಿಲ್ಲ.

ದೂರುಗಳೇನೋ ಮೊದಲಿನಿಂದಲೂ ಇದ್ದವು. ಅವಳು ಕೆಳಗಿನ ಬಯಲಿನ ದನಗಾಹಿ ಮಾಸಾಯಿಗಳ ಹೆಂಗಸು. ತಲೆ ನುಣ್ಣಗೆ ಬೋಳಿಸುತ್ತಿದ್ದಳು. ಅವಳ ಕಿವಿಯ ತೂತಿನಲ್ಲಿ ಕಾಫಿ ಗಿಡದ ಕೊಂಬೆಯೇ ತೂರಬಹುದಿತ್ತು. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಮೇಯಿಸುವ ಬೆಟ್ಟದ ಹಸುಗಳನ್ನು ನೋಡಿ, ಇವು ಏನು ತಪ್ಪು ಮಾಡಿದವೆಂದು ಜೈಲಿಗೆ ಹಾಕಿದ್ದೀರಿ ಎಂದು ಕೇಳಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ, ಪೆಂಡಾಳ ಅಮ್ಮನ ಮೊಮ್ಮಗುವನ್ನು ಎತ್ತಿಕೊಂಡು ಅದರ ನೆತ್ತಿಯ ಮೇಲೆ ಥೂ ಎಂದಿದ್ದಳು. ಆಯ್ಕಾ ಅದನ್ನು ಕಣ್ಣಾರೆ ಕಂಡಿದ್ದಳು. ಅಂದಿನಿಂದ ನಾಮಯಾನಿ ಎದುರಿಗೆ ಬಂದರೆ ನಾಏಲಿಯನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಿದ್ದಳು. ಮೂರು ತಿಂಗಳಲ್ಲಿ ಒಮ್ಮೆಯೂ ಅವಳ ಬಾಗಿಲು ತುಳಿದಿರಲಿಲ್ಲ.

"ಹೋದ ಭಾನುವಾರ ಏನಾಯ್ತು ಗೊತ್ತಾ," ಎಂದು ಪೆಂಡಾಳ ಅಮ್ಮ ಬಕೆಟ್ಟನ್ನು ಹತ್ತಿರ ಎಳೆದುಕೊಂಡಳು.

ಭಾನುವಾರ ಒಂಬೇನಿಯ ಅಮ್ಮ ಎಂದಿನಂತೆ ಪ್ರಾರ್ಥನೆ ಮಾಡಿದರು. ಅವರ ಪ್ರಾರ್ಥನೆ ಅರ್ಧ ಗಂಟೆಗೆ ಕಡಿಮೆ ಇರುವುದಿಲ್ಲ, ಕಾಫಿ ಗೋದಾಮಿನವರೆಗೂ ಕೇಳಿಸುತ್ತದೆ. ಆಮೆನ್ ಆಯಿತು. ಮುಂದಿನ ಬೆಂಚಿನಿಂದ ನಾಮಯಾನಿ ಎದ್ದು, ಕೆಳಗೆ ಬಿದ್ದಿದ್ದ ಬೈಬಲ್ ತೆಗೆದುಕೊಳ್ಳಲು ಬಗ್ಗಿದಳು. ಸೊಂಟಕ್ಕೆ ಸುತ್ತಿದ್ದ ಅವಳ ಹೊಚ್ಚ ಹೊಸ ಕಾಂಗಾ ಬಟ್ಟೆಯ ಅಂಚು ಹಿಂದಿನ ಹನ್ನೊಂದು ಬೆಂಚಿನ ಹೆಂಗಸರಿಗೂ ಕಾಣಿಸಿತು. ಆ ಅಂಚಿನಲ್ಲಿ ಅಚ್ಚಾಗಿರುವ ಸಾಲಿಗೆ ಹೆಂಗಸರು 'ಹೆಸರು' ಅನ್ನುತ್ತಾರೆ. ಅಂಗಡಿಯಲ್ಲಿ ಮೊದಲು ನೋಡುವುದು ಹೆಸರನ್ನು, ಆಮೇಲೆ ಬಣ್ಣವನ್ನು. ಬಾಯಿಬಿಟ್ಟು ಆಡಲಾಗದ್ದನ್ನು ಉಟ್ಟು ಆಡುವುದು ಈ ಊರಿನ ಹೆಂಗಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ಒಳ್ಳೆಯ ಹೆಸರು ಹುಡುಕಿ ಉಟ್ಟು ಓರಗಿತ್ತಿಯ ಮನೆಯ ಮುಂದೆ ಎರಡು ಸಲ ನಡೆದರೆ ಸಾಕು, ಜಗಳ ಪೂರೈಸಿದ ಹಾಗೆ.

"ಏನಂತ ಇತ್ತು ಹೆಸ್ರು?" ಆಯ್ಕಾ ಸೌಟು ಎತ್ತಿಕೊಂಡು ಕೇಳಿದಳು.

ಪೆಂಡಾಳ ಅಮ್ಮ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು. "'ನೀನು ಕೂಗುತ್ತಿರು, ನಾನು ಹಾಯಾಗಿ ಮಲಗುತ್ತೇನೆ.' ನಡುವೆ ಒಂದು ಹುಂಜ ಬೇರೆ."

ಸೌಟಿನ ಹಿಟ್ಟು ಗುಳಿಗೆ ಬೀಳದೆ ಒಲೆಗೆ ಬಿತ್ತು. ನಾಏಲಿ ಮಡಿಲ ಬಟ್ಟೆಯನ್ನು ನೋಡಿದಳು, ಪೆಂಡಾಳ ಅಮ್ಮನನ್ನು ನೋಡಿದಳು, ತನ್ನ ಅಮ್ಮನನ್ನು ನೋಡಿದಳು. "ಅಮ್ಮ..." ಎಂದು ಬಾಯಿ ತೆರೆದಳು. ಆಯ್ಕಾ ಬಿಸಿಯಾರಿದ ಒಂದು ಪಡ್ಡನ್ನು ಆ ಬಾಯಿಗೆ ಇಟ್ಟಳು. ಅದನ್ನು ನುಂಗಿ ಮಗು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಇಟ್ಟಳು.

"ಪಾಪ, ತವರಿಂದ ಬಂದ ಮೇಲೆ ಮಗೂನ ಎಷ್ಟು ಮುದ್ದು ಮಾಡ್ತೀಯ," ಎಂದು ಪೆಂಡಾಳ ಅಮ್ಮ ಮೆಚ್ಚಿಕೊಂಡಳು.

ಅವಳು ಹೋದ ಮೇಲೆ ಆಯ್ಕಾ ಮಗಳ ಮಡಿಲಿನಿಂದ ಬಟ್ಟೆ ಎಳೆದುಕೊಂಡು ಮಡಿಚಿ, ಕೋಳಿಗೂಡಿನ ಹಿಂದೆ ಸೌದೆಯ ಸಂದಿಗೆ ತುರುಕಿದಳು. ಪಾತ್ರೆಗೆ ಒಂದು ತಟ್ಟೆ ಮುಚ್ಚಿದಳು. ನಾಏಲಿ ಪಡ್ಡು ಜಗಿಯುತ್ತ ಎಲ್ಲವನ್ನೂ ನೋಡಿದಳು.

ಕಾಂಗಾ ಎಂದೂ ಒಂಟಿಯಾಗಿ ಬರುವುದಿಲ್ಲ. ಅಂಗಡಿಯವನು ಕೊಡುವುದು ಒಂದೇ ಉದ್ದನೆಯ ಬಟ್ಟೆ. ನಡುವೆ ಕತ್ತರಿಸಿ ಎರಡು ಮಾಡಿಕೊಳ್ಳಬೇಕು. ಎರಡಕ್ಕೂ ಅದೇ ಚಿತ್ರ, ಅದೇ ಹೆಸರು. ಸುಮಾರು ಎಂಟು ವರ್ಷದ ಹಿಂದೆ ಆಯ್ಕಾ ಈ ಊರಿಗೆ ಹೊಸ ಸೊಸೆ. ತೋಟಕ್ಕೆ ಕಾಲುವೆಯ ನೀರು ತಿರುಗಿಸುವ ಸರದಿಯನ್ನು ತಪ್ಪಿ ಒಂದು ದಿನ ಮುಂಚೆಯೇ ಹಿಡಿದಿದ್ದಳು. ಒಂಬೇನಿಯ ಅಮ್ಮ ಕಾಲುವೆಯ ಏರಿಯ ಮೇಲೆ ನಿಂತು, ಇಡೀ ಬೆಟ್ಟಕ್ಕೆ ಕೇಳುವಂತೆ ಅವಳಿಗೆ ಬುದ್ಧಿ ಹೇಳಿದ್ದರು. ಆಯ್ಕಾ ತುಂಬಿದ ಬಸುರಿ. ಮಾತಿಗೆ ಮಾತು ಕೊಡಲಿಲ್ಲ. ಮೂರು ಮೈಲಿ ನಡೆದು ಸಂತೆಗೆ ಹೋಗಿ, ನಾಲ್ಕು ಅಂಗಡಿಯ ಹೆಸರುಗಳನ್ನು ಓದಿ, ತನಗೆ ಬೇಕಾದದ್ದನ್ನು ಕೊಂಡು ತಂದಳು. ಬರುವ ಭಾನುವಾರ ಉಡಬೇಕೆಂದು ಕತ್ತರಿಸಿ ಅಂಚು ಹೊಲಿದಿಟ್ಟಳು.

ಶನಿವಾರವೇ ನಾಏಲಿ ಹುಟ್ಟಿಬಿಟ್ಟಳು. ಬಾಗಿಲಿಗೆ ಮೊದಲು ಬಂದವರು ಒಂಬೇನಿಯ ಅಮ್ಮ. ನಲವತ್ತು ದಿನ, ಒಂದು ದಿನವೂ ತಪ್ಪದೆ, ಬಾಳೆಕಾಯಿ ಮಾಂಸ ಬೇಯಿಸಿ ಕಡೆದ ಬಾಣಂತಿಯ ಗಂಜಿಯನ್ನು ತಾವೇ ಹೊತ್ತು ತಂದರು, ತಾವೇ ಕೂತು ಕುಡಿಸಿದರು. ಮನೆಯಲ್ಲಿದ್ದ ಮೆತ್ತನೆಯ ಹೊಸ ಬಟ್ಟೆ ಎಂದರೆ ಆ ಕಾಂಗಾ ಒಂದೇ. ಆಯ್ಕಾ ಹೆಸರು ಒಳಗೆ ಬರುವಂತೆ ಮಡಿಚಿ ಅದರಲ್ಲಿ ಮಗುವನ್ನು ಸುತ್ತಿದಳು. ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಂಬೇನಿಯ ಅಮ್ಮ ತಮ್ಮ ದೊಡ್ಡ ಗಂಟಲಿನಲ್ಲಿ ಲಾಲಿ ಹಾಡುತ್ತಿದ್ದರು. ಜೋಡಿಯ ಇನ್ನೊಂದು ತುಂಡು ಪೆಟ್ಟಿಗೆಯ ತಳ ಸೇರಿತು. ಮೂರು ತಿಂಗಳ ಹಿಂದೆ, ಹೊಸ ಸುವಾರ್ತಾಸೇವಕಿಯ ಸ್ವಾಗತದ ಬುಟ್ಟಿಗೆ ಎಲ್ಲರೂ ಏನಾದರೂ ಹಾಕಬೇಕೆಂದಾಗ, ಆಯ್ಕಾ ಅವಸರದಲ್ಲಿ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಬಿಡಿಸಿಯೂ ನೋಡದೆ ಒಂದು ಹೊಸ ಕಾಂಗಾ ತೆಗೆದು ಹಾಕಿದ್ದಳು.

ನಾಮಯಾನಿಯ ತಪ್ಪು ಏನೂ ಇಲ್ಲ. ಆದರೆ ಅದನ್ನು ಹೇಳಬೇಕೆಂದರೆ, ಆ ಹೆಸರನ್ನು ಯಾರಿಗಾಗಿ ಕೊಂಡದ್ದು ಎಂಬುದನ್ನೂ ಹೇಳಬೇಕು. ಆಯ್ಕಾ ಯೋಚಿಸಿದಳು. ತಪ್ಪೊಪ್ಪಿಕೊಳ್ಳದೆಯೂ ಒಳ್ಳೆಯ ಕೆಲಸ ಮಾಡುವ ದಾರಿ ಇರಬಹುದು ಎನಿಸಿತು. ಸಂದೂಕದಿಂದ ಒಂದು ಹಸಿರು ಕಾಂಗಾ ತೆಗೆದಳು. ಅದರ ಹೆಸರು 'ನಮ್ಮ ಮನೆಗೆ ಸ್ವಾಗತ' ಎಂದಿತ್ತು. ಎರಡು ಸಲ ಓದಿ ಖಚಿತಮಾಡಿಕೊಂಡಳು. ಪಡ್ಡುಗಳನ್ನು ಡಬ್ಬಕ್ಕೆ ತುಂಬಿ, ನಾಏಲಿಯ ಕೈ ಹಿಡಿದು ಹೊರಟಳು. ಮಗಳನ್ನು ಮನೆಯಲ್ಲಿ ಬಿಡುವ ಧೈರ್ಯ ಇರಲಿಲ್ಲ. ಬಿಟ್ಟರೆ ಆ ಪ್ರಶ್ನೆ ಬೇಲಿ ಹಾರಿ ಪೆಂಡಾಳ ಅಮ್ಮನ ಮನೆ ಸೇರುತ್ತದೆ.

ನಾಮಯಾನಿಯ ಕೋಣೆ ದೇವಾಲಯದ ಹಿಂದೆ. ಅವಳು ಹಾಲಿನ ಚಹಾ ಕುದಿಸುತ್ತಿದ್ದಳು. ಅತಿಥಿಗಳನ್ನು ಕಂಡು, ಇದ್ದ ಒಂದೇ ಕುರ್ಚಿಯನ್ನು ಅಂಗೈಯಿಂದ ಒರೆಸಿ ಕೊಟ್ಟಳು.

"ನೀವೇ ಮೊದಲ್ನೇ ಅತಿಥಿ ಅಕ್ಕ," ಎಂದಳು. "ಈ ಬೆಟ್ಟದ ಹೆಂಗಸರು ಮನೆಯಿಂದ ಮನೆಗೆ ಹೋಗೋದೇ ಇಲ್ಲ, ಬಾಗ್ಲು ಹಾಕ್ಕೊಂಡೇ ಹುಟ್ಟಿದವರು ಅಂತ ನಮ್ಮಮ್ಮಂಗೆ ಬರ್ದಿದ್ದೆ. ಈಗ ಇನ್ನೊಂದು ಕಾಗ್ದ ಬರೀಬೇಕು."

ಆಯ್ಕಾಳಿಗೆ ಕುರ್ಚಿ ಚುಚ್ಚಿದ ಹಾಗಾಯಿತು. ನಾಮಯಾನಿ ಬಗ್ಗಿ ನಾಏಲಿಯ ನೆತ್ತಿಯ ಮೇಲೆ ಅಂಗೈ ಇಟ್ಟಳು. ಆಮೇಲೆ, ಆಯ್ಕಾ ಏಳುವ ಮೊದಲೇ, ಮೆಲ್ಲಗೆ ಥೂ ಎಂದಳು. ನಾಏಲಿ ತಲೆ ಮುಟ್ಟಿ ನೋಡಿಕೊಂಡು, ಒದ್ದೆಯಾಗಿದೆ ಎಂದಳು.

"ಒದ್ದೆ ಆಗ್ಲಿ ಅಂತಾನೇ ಮರಿ. ನಮ್ದು ಒಣ ನಾಡು. ನೀರನ್ನ ಯಾರಿಗೂ ಸುಮ್ನೆ ಕೊಡಲ್ಲ, ಬಾಯಲ್ಲಿರೋದನ್ನೂ ಕೊಡಲ್ಲ. ಮುದ್ದಾದ ಮಕ್ಕಳಿಗೆ ಮಾತ್ರ."

ಬೆಟ್ಟದಲ್ಲಿ ಹುಟ್ಟಿ ಬೆಳೆದ ಆಯ್ಕಾಳಿಗೆ ನೀರು ಎಂದರೆ ಕಾಲುವೆಯಲ್ಲಿ ಸದಾ ಹರಿಯುವ ವಸ್ತು, ಸರದಿಗಾಗಿ ಜಗಳವಾಡುವ ವಸ್ತು. ಪೆಂಡಾಳ ಅಮ್ಮ ಮೂರು ತಿಂಗಳಿನಿಂದ ಆ ಮೊಮ್ಮಗುವಿನ ನೆತ್ತಿಗೆ ಎಣ್ಣೆ ಹಚ್ಚಿ ಹಚ್ಚಿ ತೊಳೆಯುತ್ತಿದ್ದುದು ನೆನಪಾಗಿ, ನಗು ಬರುವುದೋ ನಾಚಿಕೆ ಬರುವುದೋ ತಿಳಿಯದೆ ಚಹಾ ಕುಡಿದಳು.

ಆಮೇಲೆ ಹಸಿರು ಕಾಂಗಾ ಮುಂದಿಟ್ಟಳು. ಹುಂಜದ್ದು ನಿಮಗೆ ಅಷ್ಟು ಒಪ್ಪುವುದಿಲ್ಲ, ಬಣ್ಣ ಬಿಡುತ್ತದಂತೆ, ಇದನ್ನು ಇಟ್ಟುಕೊಂಡು ಅದನ್ನು ಕೊಡಿ ಎಂದು ಆದಷ್ಟು ಉದಾಸೀನವಾಗಿ ಹೇಳಿದಳು. ನಾಮಯಾನಿ ಹಸಿರು ಬಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಹುಂಜವನ್ನು ಕೊಡಲಿಲ್ಲ. ಈ ಊರು ತನಗೆ ಕೊಟ್ಟ ಮೊದಲ ಬಟ್ಟೆ ಅದು, ಒಳ್ಳೆಯ ದಿನಕ್ಕೆಂದು ಇಟ್ಟಿದ್ದು ಭಾನುವಾರ ಮೊದಲ ಸಲ ಉಟ್ಟೆ, ಇವತ್ತು ಸಂಘ ತನ್ನ ವಿಷಯ ಮಾತಾಡುತ್ತದಂತೆ, ಇವತ್ತು ಅದನ್ನೇ ಉಟ್ಟು ಬರುತ್ತೇನೆ ಎಂದಳು. ಅವರು ಕೊಟ್ಟದ್ದನ್ನು ತಾನು ಎಷ್ಟು ಗೌರವದಿಂದ ಇಟ್ಟುಕೊಂಡಿದ್ದೇನೆ ಎಂದು ಅವರಿಗೂ ಗೊತ್ತಾಗಲಿ.

"ಅಮ್ಮ," ಎಂದಳು ನಾಏಲಿ.

ಆಯ್ಕಾ ಡಬ್ಬದ ಮುಚ್ಚಳ ತೆಗೆದಳು.

ಮಧ್ಯಾಹ್ನ ಸಂಘದ ಕೋಣೆಯಲ್ಲಿ ಹದಿನೈದು ಹೆಂಗಸರು ಸೇರಿದ್ದರು. ಒಂಬೇನಿಯ ಅಮ್ಮ ನಡುವೆ ಕೂತು ಕಾಗದದಲ್ಲಿ ಏನು ಬರಬೇಕೆಂದು ಹೇಳತೊಡಗಿದರು. ಆಯ್ಕಾ ತನಗೆ ತಿಳಿದ ಎಲ್ಲ ಉಪಾಯವನ್ನೂ ಹೂಡಿದಳು. ಮೊದಲು ಪೆನ್ನು ಬರೆಯಲಿಲ್ಲ. ಬರೆದಾಗ ತಾರೀಖು ಮರೆತುಹೋಯಿತು. ಆಮೇಲೆ, 'ಅವಮಾನ' ಅಂತ ಬರೆಯಲೋ 'ಅಗೌರವ' ಅಂತ ಬರೆಯಲೋ ಎಂದು ಬಹಳ ವಿನಯದಿಂದ ಕೇಳಿದಳು. ಆ ಒಂದು ಪ್ರಶ್ನೆಗೆ ಹದಿನೈದು ಹೆಂಗಸರು ಎರಡು ಪಂಗಡವಾಗಿ ಕಾಲು ಗಂಟೆ ವಾದಿಸಿದರು. ನಾಏಲಿ ಮೂಲೆಯಲ್ಲಿ ಕೂತು, ಪ್ರತಿ ಸಲ ಬಾಯಿ ತೆರೆದಾಗಲೂ ಒಂದೊಂದು ಪಡ್ಡು ಸಂಪಾದಿಸಿದಳು. ಬಾಯಿ ತೆರೆಯುವುದಕ್ಕೂ ಪಡ್ಡಿಗೂ ಇರುವ ಸಂಬಂಧ ಅಷ್ಟರಲ್ಲಿ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು.

'ಅವಮಾನ'ವೇ ಗೆದ್ದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ನಾಮಯಾನಿ ಕಾಣಿಸಿಕೊಂಡಳು. ಸೊಂಟದ ಮೇಲೆ ಕೆಂಪು ಜುಟ್ಟಿನ ಹೊಸ ಹುಂಜ, ಬಾಲದಲ್ಲಿ ಮೂರೇ ಗರಿ.

ಒಂಬೇನಿಯ ಅಮ್ಮ ಬೆರಳು ಚಾಚಿ, ಈ ಹೆಸರಿನ ಅರ್ಥವೇನು ಎಂದು ನೇರವಾಗಿ ಕೇಳಿದರು.

ಆಯ್ಕಾ ನಡುವೆ ಬಾಯಿ ಹಾಕಿದಳು. "ಅದು ಹುಂಜಕ್ಕೆ ಹೇಳಿದ್ದು ಒಂಬೇನಿಯಮ್ಮ. ಚಿತ್ರ ಇದೆಯಲ್ಲ, ಬೆಳಗಾಗೆದ್ದು ಹುಂಜ ಕೂಗುತ್ತೆ, ನಾವು ಹಾಯಾಗಿ..."

"ಇಲ್ಲ ಅಕ್ಕ, ಹುಂಜಕ್ಕಲ್ಲ," ಎಂದಳು ನಾಮಯಾನಿ, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. "ಕತ್ತೆಕಿರುಬಕ್ಕೆ. ನಮ್ಮ ಬಯಲಲ್ಲಿ ಅದು ಬೇಲಿ ಆಚೆ ಇಡೀ ರಾತ್ರಿ ಕೂಗುತ್ತೆ. ದೇವರು ಕಾಯ್ತಾನೆ, ನಾವು ಹಾಯಾಗಿ ಮಲಗ್ತೀವಿ. ದೇವಾಲಯದ ಬುಟ್ಟೀಲಿ ಬಂದ ಬಟ್ಟೆ, ಪ್ರಾರ್ಥನೆ ಅಂದ್ಕೊಂಡೆ. ಅದಕ್ಕೇ ಪ್ರಾರ್ಥನೆ ದಿನ ಉಟ್ಟೆ."

ಕೂತಿದ್ದ ಹೆಂಗಸರೆಲ್ಲ ಒಂಬೇನಿಯ ಅಮ್ಮನನ್ನು ನೋಡದಿರಲು ಮಾಡಿದ ಪ್ರಯತ್ನ ಕಣ್ಣಿಗೆ ಕಾಣುವಂತಿತ್ತು. ಪೆಂಡಾಳ ಅಮ್ಮನಿಗೆ ಸುದ್ದಿಯಿಲ್ಲದ ಕೆಮ್ಮು ಹತ್ತಿತು.

"ಯಾವ ಬುಟ್ಟಿ?" ಒಂಬೇನಿಯ ಅಮ್ಮ ಕೇಳಿದರು.

ಸ್ವಾಗತದ ಬುಟ್ಟಿ ಎಂದಳು ನಾಮಯಾನಿ. ಅಧ್ಯಕ್ಷೆ ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ನಾನು ಸಕ್ಕರೆ, ನಾನು ಸೋಪು, ನಾನು ಮೇಣದಬತ್ತಿ, ನಾನು ಎರಡು ಬಟ್ಟಲು. ಕಾರ್ಯದರ್ಶಿ ತಲೆ ತಗ್ಗಿಸಿ ಎಲ್ಲವನ್ನೂ ಅಂದವಾಗಿ ಬರೆದುಕೊಂಡಳು. ಬರೆಯುವವಳನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಟ್ಟಿ ಮುಗಿಯಿತು, ಅದರಲ್ಲಿ ಕಾಂಗಾ ಇರಲಿಲ್ಲ.

"ಹಂಗಾದ್ರೆ ಸುಳ್ಳೂ ಹೇಳ್ತಾಳೆ," ಎಂದಳು ಯಾರೋ. ನಾಮಯಾನಿಯ ಕೈ ಸೊಂಟದ ಮೇಲಿನ ಹುಂಜವನ್ನು ಮುಚ್ಚಿಕೊಂಡಿತು.

ಆಯ್ಕಾ ಒಂಬೇನಿಯ ಅಮ್ಮ ಈಗ ಗರ್ಜಿಸುತ್ತಾರೆ ಎಂದುಕೊಂಡಳು. ಅವರು ಗರ್ಜಿಸಲಿಲ್ಲ. ಇಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಈ ಎಂಟು ವರ್ಷದಲ್ಲಿ ಅವಳು ಕೇಳಿರಲಿಲ್ಲ.

"ನನ್ನ ಗಂಟಲು ದೊಡ್ಡದು, ನಿಜ. ನನ್ನ ಯಜಮಾನರಿಗೆ ಕಿವಿ ಕೇಳಿಸ್ತಿರಲಿಲ್ಲ. ನಿಮ್ಮಲ್ಲಿ ಸುಮಾರು ಜನ ಈ ಊರಿಗೆ ಬರೋ ಮುಂಚೆ ಹೋಗ್ಬಿಟ್ರು. ಇಪ್ಪತ್ತೆರಡು ವರ್ಷ ಊಟಕ್ಕೆ ಬನ್ನಿ ಅನ್ನೋದನ್ನೂ ಕೂಗೇ ಹೇಳಿದ್ದು. ಅವರು ಹೋದ್ರು, ಗಂಟಲು ಹಂಗೇ ಉಳೀತು." ಅವರು ಮೂಗು ಒರೆಸಿಕೊಂಡರು. "ಬರಿ ನಾಏಲಿಯಮ್ಮ. ಸಹಿ ಹಾಕ್ತೀನಿ."

ಕಾಗದದ ಮೇಲೆ ಇನ್ನೊಂದೇ ಸಾಲಿಗೆ ಜಾಗವಿತ್ತು. ಆಯ್ಕಾ ಪೆನ್ನು ಊರಿದಳು. ಕಾಲುವೆಯ ಏರಿ ನೆನಪಾಯಿತು, ಅದರ ಹಿಂದೆಯೇ ಗಂಜಿಯ ಬಿಸಿ. ಪೆನ್ನಿನ ಮೊನೆ ಒಂದೇ ಕಡೆ ನಿಂತು, ಕಾಗದದ ಮೇಲೆ ಮಸಿಯ ಚುಕ್ಕೆ ಹರಡಿತು.

ಮೂಲೆಯಿಂದ ನಾಏಲಿ ಎದ್ದು ಬಂದು, ಮೇಜಿನ ಪಕ್ಕ ನಿಂತು, ಹೊಸ ಹುಂಜದ ಬಾಲದ ಗರಿಗಳನ್ನು ಬೆರಳು ಮಡಿಚಿ ಎಣಿಸಿದಳು. ಎಣಿಸಿ ಅಮ್ಮನನ್ನು ನೋಡಿದಳು. ಆಮೇಲೆ ಬಾಯಿ ತೆರೆದು, ರೂಢಿಯಂತೆ ಕಾದಳು.

ಡಬ್ಬದಲ್ಲಿ ಇನ್ನೂ ಒಂದು ಪಡ್ಡು ಉಳಿದಿತ್ತು. ಆಯ್ಕಾಳ ಕೈ ಮುಚ್ಚಳದ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವಳು ಡಬ್ಬವನ್ನು ಮೆಲ್ಲಗೆ ಮೇಜಿನ ಆ ಕಡೆಗೆ, ತನ್ನ ಕೈಗೆಟುಕದಷ್ಟು ದೂರಕ್ಕೆ ತಳ್ಳಿ, ಪೆನ್ನು ಕೆಳಗಿಟ್ಟು, ಮಗಳ ಕಡೆಗೆ ತಿರುಗಿ ಕೂತಳು.

"ಕೇಳು ಕಂದ," ಎಂದಳು.

"ಅಮ್ಮ," ಎಂದಳು ನಾಏಲಿ, ಇಡೀ ಕೋಣೆಗೆ ಕೇಳುವಂತೆ, "ನೀನು ಬೆಳಿಗ್ಗೆ ಕೋಳಿಗೂಡಿನ ಹಿಂದೆ ಬಚ್ಚಿಟ್ಟೆಯಲ್ಲ, ನಮ್ಮ ಹಿಟ್ಟಿನ ಪಾತ್ರೆ ಹುಂಜ, ಅದು ಈ ಹುಂಜದ ಜೋಡಿನೇ ಅಲ್ವಾ? ಅದನ್ನ ನೀನು ಯಾರಿಗೆ ಹೇಳೋಕೆ ತಗೊಂಡಿದ್ದೆ?"